ಕರಿ ಚಾಕು, ಹದಿನಾಲ್ಕು ಸಾಲು

ನನ್ನ ಕಸಿ ಚಾಕುವನ್ನು ಮೊದಲ ಸಲ ನೋಡಿದವರು ತಪ್ಪದೆ ಮಾಡುವ ಕೆಲಸವೆಂದರೆ ಮೂಗು ಮುರಿಯುವುದು. ಅಲಗು ಕಪ್ಪಗಿದೆ. ಬರೀ ಕಪ್ಪೂ ಅಲ್ಲ. ಬೆನ್ನಿನ ಕಡೆ ಬೂದು, ನಡುವೆ ಬದನೆಕಾಯಿ ಸಿಪ್ಪೆಯ ನೀಲಿ, ಕೊಯ್ಯುವ ಬಾಯಿಯ ಹತ್ತಿರ ಮಾತ್ರ ಕೂದಲೆಳೆಯಷ್ಟು ಬಿಳಿ ಗೆರೆ. 'ಇದನ್ಯಾಕ ಇನ್ನೂ ಇಟಗೊಂಡೀರಿ? ತುಕ್ಕ ಹಿಡದೈತಿ, ಒಗೀರಿ ಅತ್ಲಾಗ' ಎನ್ನುತ್ತಾರೆ. ಜಮಖಂಡಿ ಪೇಟೆಯ ಪಾತ್ರೆ ಅಂಗಡಿಯವನೊಬ್ಬ ಇದನ್ನು ನೋಡಿ ನಕ್ಕು, ಸಾಲಾಗಿ ತೂಗುಹಾಕಿದ್ದ ಸ್ಟೀಲಿನ ಚಾಕುಗಳನ್ನು ಗಲಗಲ ಅನ್ನಿಸಿ ತೋರಿಸಿದ್ದ. 'ಹತ್ತ ವರ್ಷ ನೀರಾಗ ಇಡ್ರಿ ಅಕ್ಕಾರ, ಹಿಂಗ ಹೊಳೀತಾವ.' ಹತ್ತು ವರ್ಷ ನೀರಿನಲ್ಲಿ ಚಾಕು ಇಟ್ಟುಕೊಂಡು ಕೂರಲು ನಾನೇನು ಮೀನೇ ಎಂದು ಕೇಳಿ ಬಂದೆ. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ ಇರುತ್ತದೆ. ಈ ಚಾಕುವಿನ ವಿಷಯ ಬಂದರೆ ಅಲ್ಲಿಂದ ಇಳಿದು ನಾಲಿಗೆಗೂ ಬರುತ್ತದೆ.

ಅದು ನನ್ನ ಅಪ್ಪನ ಚಾಕು. ಬೀಳಗಿ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಲಿಂಬೆ, ಮಾವು, ದ್ರಾಕ್ಷಿಗೆ ಕಸಿ ಕಟ್ಟುತ್ತಿದ್ದ. ಮುಧೋಳದ ಕಮ್ಮಾರನೊಬ್ಬ ಹಲ್ಲು ಸವೆದ ಹಳೆಯ ಅರವೊಂದನ್ನು ಕಾಸಿ ಬಡಿದು, ಜಾಲಿ ಕಟ್ಟಿಗೆಯ ಹಿಡಿ ಹಾಕಿ ಅವನಿಗೆ ಮಾಡಿಕೊಟ್ಟಿದ್ದ. ಕಬ್ಬಿಣ ಉಜ್ಜುವುದೇ ಅರದ ಕೆಲಸ, ಹಾಗಾಗಿ ಅದರ ಉಕ್ಕು ಬಲು ಗಟ್ಟಿ. ಆದರೆ ಅದಕ್ಕೆ ನೀರೆಂದರೆ ಆಗದು. ಸ್ಟೀಲಿನಲ್ಲಿ ತುಕ್ಕು ತಡೆಯುವ ಬೇರೆ ಲೋಹ ಬೆರೆಸಿರುತ್ತಾರಲ್ಲ, ಇದರಲ್ಲಿ ಅಂಥದ್ದೇನೂ ಇಲ್ಲ. ಕೊಯ್ದಿದ್ದನ್ನೆಲ್ಲ ಮೈಗೆ ಹಚ್ಚಿಕೊಳ್ಳುತ್ತದೆ. ಉಳ್ಳಾಗಡ್ಡಿ ಕೊಯ್ದರೆ ನೀಲಿ, ಲಿಂಬೆ ಕೊಯ್ದರೆ ಬೂದು, ಮಾವಿನ ಕಡ್ಡಿ ಸೀಳಿದರೆ ನೇರಳೆ. ಇವೆಲ್ಲ ಒಂದರ ಮೇಲೊಂದು ಕೂತು ಕಪ್ಪಾಗುತ್ತವೆ.

'ಕರಿ ಬಂದ್ರ ಬರ್ಲಿ, ಅದು ಅದರ ಅಂಗಿ' ಎನ್ನುತ್ತಿದ್ದ ಅಪ್ಪ. 'ಕೆಂಪ ಬಂತಂದ್ರ ಮಾತ್ರ ಬಿಡಬ್ಯಾಡ. ಅದು ತಿನ್ನಾಕ ಬಂದದ್ದು.' ಕೆಲಸ ಮುಗಿದ ಕೂಡಲೇ ತೊಳೆಯಬೇಕು, ಒಣಬಟ್ಟೆಯಲ್ಲಿ ಒರೆಸಬೇಕು, ಕುಸುಬಿ ಎಣ್ಣೆ ಅದ್ದಿದ ಬೆರಳನ್ನು ಒಮ್ಮೆ ಆಡಿಸಬೇಕು. ತಿಕ್ಕಬಾರದು. ಆ ತೆಳ್ಳಗಿನ ಕಪ್ಪು ಅಲಗನ್ನು ಬಿಗಿಯಾಗಿ ಹೊದ್ದುಕೊಂಡಿರುವ ತನಕ ಕೆಂಪು ತುಕ್ಕು ಸುಲಭಕ್ಕೆ ಒಳಗೆ ಬರುವುದಿಲ್ಲ. ನಾನು ಸಣ್ಣವಳಿದ್ದಾಗ ಅಪ್ಪ ಕೊಯ್ಯುತ್ತಿದ್ದ, ನಾನು ಕಟ್ಟುತ್ತಿದ್ದೆ. ದೊಡ್ಡವಳಾದ ಮೇಲೆ ನಾನೂ ಕೊಯ್ಯತೊಡಗಿದೆ. ನನ್ನ ಅಣ್ಣನಿಗೆ ಗಿಡವೆಂದರೆ ಅಷ್ಟಕ್ಕಷ್ಟೇ. ಅಪ್ಪ ತೀರಿಕೊಂಡ ವರ್ಷ ಅವ್ವ ಚಾಕುವನ್ನೂ ಅವನ ಎರಡು ಮಸೆಗಲ್ಲುಗಳನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿ ಇಟ್ಟಳು.

ನನ್ನನ್ನು ಕೊಟ್ಟ ಊರು ಜಮಖಂಡಿ ತಾಲೂಕಿನ ಹೊಳೆದಂಡೆಯದು. ಚಿಕ್ಕಪಡಸಲಗಿಯ ಬ್ಯಾರೇಜಿನ ನೀರು ನಮ್ಮ ಹೊಲಗಳಿಗೂ ಬರುತ್ತದೆ. ಒಂದೇ ಅಂಗಳ, ಎರಡು ಒಲೆ. ಒಂದು ಒಲೆಯಲ್ಲಿ ನಾನು, ನಮ್ಮ ಮನೆಯವರು, ನಮ್ಮ ಅತ್ತೆ. ಇನ್ನೊಂದು ಒಲೆಯಲ್ಲಿ ಮೈದುನನ ಸಂಸಾರ. ಅತ್ತೆಯ ತವರು ಬನಹಟ್ಟಿ. ಅಲ್ಲಿಂದ ಅವರು ತಂದ ಈಳಿಗೆಯ ಅಲಗೂ ನನ್ನ ಚಾಕುವಿನಂತೆ ಕರಿ. ನಾನು ಬಂದ ಹೊಸತರಲ್ಲಿ ಅದನ್ನು ತಿಕ್ಕದೆ ಒರೆಸಿ ಇಟ್ಟಿದ್ದನ್ನು ನೋಡಿ ಅವರು, 'ಈಕಿಗಿ ಗೊತ್ತೈತಿ' ಎಂದು ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅತ್ತೆ ಸೊಸೆಯರ ನಡುವೆ ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಕಡೆ ಇಲ್ಲ.

ಮೈದುನನಿಗೆ ಹೊಸದೆಂದರೆ ಹುಚ್ಚು. ಹೊಸ ಪಂಪು, ಹೊಸ ಔಷಧಿ, ಹೊಸ ಮೊಬೈಲು. ಎರಡು ವರ್ಷದ ಹಿಂದೆ ತನ್ನ ಪಾಲಿನ ಅರ್ಧ ಎಕರೆಯಲ್ಲಿ ದ್ರಾಕ್ಷಿ ಮಾಡಲು ಹೊರಟ. ಮೊದಲು ಗಟ್ಟಿ ಬೇರಿನ ಕಾಡು ದ್ರಾಕ್ಷಿಯ ಗಿಡ ನೆಟ್ಟು ಬೆಳೆಸಬೇಕು. ಅದು ಪೆನ್ಸಿಲಿನ ದಪ್ಪಕ್ಕೆ ಬಂದ ಮೇಲೆ ಮೊಣಕಾಲೆತ್ತರದಲ್ಲಿ ಕತ್ತರಿಸಿ, ಸೀಳಿ, ಒಳ್ಳೆಯ ಜಾತಿಯ ಕಡ್ಡಿಯನ್ನು ಸಿಕ್ಕಿಸಿ ಕಟ್ಟಬೇಕು. ಹದಿನಾಲ್ಕು ಸಾಲು, ಸಾಲಿಗೆ ಮೂವತ್ತೆರಡು ಗಿಡ. ಕಸಿ ಕಟ್ಟಲು ಮಹಾರಾಷ್ಟ್ರದ ಕಡೆಯಿಂದ ಒಂದು ಗ್ಯಾಂಗಿಗೆ ಹೇಳಿಟ್ಟಿದ್ದ. ನಾನು ಕಟ್ಟಬಲ್ಲೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಹಿತ್ತಲ ಲಿಂಬೆ ನಾನೇ ಕಟ್ಟಿದ್ದು, ಅಂಗಳದ ಚಪ್ಪರದ ದ್ರಾಕ್ಷಿ ಬಳ್ಳಿಯೂ ನಾನೇ ಕಟ್ಟಿದ್ದು. ಆದರೆ ಅದು ಹಿತ್ತಲ ಕೆಲಸ, ಹೆಂಗಸಿನ ಹವ್ಯಾಸ. ತೋಟಕ್ಕೆ ಗ್ಯಾಂಗೇ ಬರಬೇಕು.

ನೆಟ್ಟ ಗಿಡಗಳು ಆ ದಪ್ಪಕ್ಕೆ ಬಂದವು. ಮಹಾನವಮಿಗೆ ಒಂದು ದಿನ ಮೊದಲು ಮೈದುನ ಅನಗವಾಡಿಯ ಪರಿಚಯದವರ ತೋಟದಿಂದ ಕಡ್ಡಿ ತಂದ. ಹಸಿ ಗೋಣಿಯಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ, ಐನೂರಕ್ಕೆ ತುಸು ಕಡಿಮೆ. ಇಳಿಸುವಷ್ಟರಲ್ಲಿ ಗ್ಯಾಂಗಿನವನ ಫೋನು. ಅಲ್ಲಿ ಮಳೆಯಾಗಿ ಕೆಲಸ ಹಿಂದೆ ಬಿದ್ದಿದೆ, ಇನ್ನು ಹದಿನೈದು ದಿನ ಬರಲು ಆಗುವುದಿಲ್ಲ. ಹದಿನೈದು ದಿನ ಕಡ್ಡಿ ಉಳಿಯುವುದಿಲ್ಲ. ಕೊಟ್ಟ ತೋಟದವರು ಬಳ್ಳಿ ಕತ್ತರಿಸಿ ಮುಗಿಸಿದ್ದರು, ಮತ್ತೆ ಕೇಳಿದರೆ ಅಲ್ಲಿ ಕಡ್ಡಿಯಿಲ್ಲ. ಅದೂ ಅಲ್ಲದೆ ಚಳಿ ಬಿದ್ದರೆ ಕಸಿ ಚಿಗುರುವುದಿಲ್ಲ. ಅವನ ಮುಖ ಸಪ್ಪಗಾಯಿತು.

'ಒಂದ ವರ್ಷ ಹೋತ್ ನೋಡ್ರಿ, ವೈನಿ' ಎಂದು ಅತ್ತಿಗೆಯಾದ ನನಗೆ ಹೇಳಿದ.

'ಯಾಕ ಹೋಗತೈತಿ? ನಾ ಕಟ್ಟತೇನಿ' ಎಂದೆ.

ಅವನು ನಕ್ಕ. ಆಮೇಲೆ ನಾನು ನಗುತ್ತಿಲ್ಲ ಎಂಬುದನ್ನು ನೋಡಿ ನಗು ನಿಲ್ಲಿಸಿದ. ನಮ್ಮ ಮನೆಯವರತ್ತ ತಿರುಗಿದ. ಅವರು, 'ಆಕಿ ಕೊಯ್ಯಲಿ, ನಾ ಪಟ್ಟಿ ಕಟ್ಟತೇನಿ' ಎಂದರು. ಅತ್ತೆ ಜೋಳ ಹಸನು ಮಾಡುತ್ತಿದ್ದವರು ತಲೆ ಎತ್ತಲಿಲ್ಲ.

'ನಾನೂರಾ ನಲವತ್ತೆಂಟ ಗಿಡ ಅದಾವ್ರಿ ವೈನಿ. ಲಿಂಬಿ ಗಿಡ ಅಲ್ಲ ಇವು.'

'ಎಣಸಾಕ ನನಗೂ ಬರತೈತಿ ತಮ್ಮಾ.'

ಬೇರೆ ದಾರಿಯೇ ಇರಲಿಲ್ಲ, ಅದಕ್ಕೇ ಒಪ್ಪಿದ. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಶುರು ಮಾಡುವುದೆಂದು ಮಾತಾಯಿತು. ಅಷ್ಟು ದಿನ ಕಡ್ಡಿಗಳು ನೆರಳಿನಲ್ಲಿ ಹಸಿ ಗೋಣಿಯೊಳಗೆ ತಾಳುತ್ತವೆ. ಆ ಗಿಡಗಳು ಚಿಗುರದಿದ್ದರೆ ಅವನ ವರ್ಷ ಹೋಗುತ್ತದೆ. ನನ್ನದು ಒಂದು ವರ್ಷವಲ್ಲ, ಮುಂದಿನ ಎಲ್ಲ ವರ್ಷ ಆ ಅಂಗಳದಲ್ಲಿ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತದೆ. ನನ್ನಂಥವಳಿಗೆ ಅದು ಸಣ್ಣ ಶಿಕ್ಷೆಯಲ್ಲ.

ಇಷ್ಟು ಹೇಳಿದವಳು ಮರುದಿನ ಮಾಡಿದ ಕೆಲಸವನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಹಾನವಮಿಯಂದು ನಮ್ಮಲ್ಲಿ ಖಂಡೇ ಪೂಜೆ. ಮನೆಯ ಆಯುಧ, ಹತಾರಗಳೆಲ್ಲ ಅಂದು ದೇವರ ಮುಂದೆ ಬರುತ್ತವೆ. ಕುಡುಗೋಲು, ಕೊಡಲಿ, ಕಳೆ ತೆಗೆಯುವ ಕುರ್ಚಿಗೆ, ಸ್ಪ್ಯಾನರು, ಈಳಿಗೆ, ಎಲ್ಲ. ತೊಳೆದು ಹಲಗೆಯ ಮೇಲೆ ಜೋಡಿಸಿ, ಮೂರು ಬೆರಳಿನಿಂದ ಹಸಿ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿಟ್ಟು ಪೂಜೆ ಮಾಡಿದರೆ ಆಯಿತು. ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಯಾರೂ ಅವನ್ನು ಮುಟ್ಟುವಂತಿಲ್ಲ. ಅಪ್ಪನ ಮನೆಯಲ್ಲಿ ಈ ಚಾಕುವಿಗೆ ದಪ್ಪಗೆ ಎಣ್ಣೆ ಸವರಿ, ವಿಭೂತಿಯನ್ನು ಅಲಗು ಬಿಟ್ಟು ಹಿಡಿಗೆ ಮಾತ್ರ ಎಳೆಯುತ್ತಿದ್ದರು. ಇಲ್ಲಿಯೂ ಅಷ್ಟು ವರ್ಷ ನಾನು ಹಾಗೆಯೇ ಮಾಡಿದ್ದೆ.

ಆ ದಿನ ಮೈದುನ ಹೊಸ ಚಾಕು ತಂದು ಹಲಗೆಯ ಮೇಲಿಟ್ಟ. ಜಮಖಂಡಿಯಲ್ಲಿ ಕೊಂಡದ್ದು, ಕೆಂಪು ಹಿಡಿಯ ಸ್ಟೀಲಿನ ಕಸಿ ಚಾಕು. ನನಗೆಂದೇ ತಂದಿದ್ದ, ಪಾಪ. ನೋಡಿದರೆ ಮುಖ ಕಾಣುವಷ್ಟು ಹೊಳಪು. ಪಕ್ಕದಲ್ಲಿ ನನ್ನದು ಕರ್ರಗೆ ಕೂತಿತ್ತು.

'ಇದನ್ನ ದೇವರ ಮುಂದ ಇಡತೀರೇನ್ರಿ ವೈನಿ? ಒಲ್ಯಾಗಿಂದ ತಗದಂಗ ಐತಿ' ಎಂದ. ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆ ಆ ಹೊತ್ತಿಗೆ ಗುಡಿಗೆ ಹೋಗಿದ್ದರು.

ನನಗೆ ಎಲ್ಲಿಂದ ಬಂತೋ ರೋಷ. ನಿನ್ನ ಸ್ಟೀಲೊಂದೇ ಹೊಳೆಯುವುದೇ, ನೋಡು ಎಂದುಕೊಂಡು ಚಾಕುವನ್ನು ಬಚ್ಚಲಿಗೆ ಒಯ್ದೆ. ಹಿತ್ತಾಳೆ ಸಾಮಾನು ತಿಕ್ಕಲು ನೆನೆಯಿಟ್ಟ ಹುಣಸೆಹಣ್ಣು ಅಲ್ಲೇ ಇತ್ತು, ಇಟ್ಟಿಗೆ ಪುಡಿಯೂ ಇತ್ತು. ತಿಕ್ಕಿದೆ. ಮೊದಲು ನೀರು ಶಾಯಿಯಂತೆ ಕಪ್ಪಗೆ ಇಳಿಯಿತು. ಅಷ್ಟಾದರೂ ನನ್ನ ಕೈ ನಿಲ್ಲಲಿಲ್ಲ. ಅಪ್ಪನ ಕಾಲದಿಂದ ಕೂಡಿಕೊಂಡು ಬಂದ ಕಪ್ಪನ್ನು ಒಂದು ಗಳಿಗೆಯಲ್ಲಿ ಬಚ್ಚಲಿಗೆ ಬಿಟ್ಟು, ಬೆಳ್ಳಗಾದ ಚಾಕುವನ್ನು ತಂದು ಸ್ಟೀಲಿನ ಪಕ್ಕ ಇಟ್ಟೆ. ಹೊಳೆಯಿತು, ಖರೆ. ಎಣ್ಣೆ ಸವರಿದರೆ ಹೊಳಪು ಮಂಕಾಗುತ್ತದೆಂದು ಎಣ್ಣೆಯನ್ನೂ ಹಚ್ಚಲಿಲ್ಲ. ಅಲಗಿನ ಮೇಲೆಯೇ ಮೂರು ಬೆರಳಿನ ಹಸಿ ವಿಭೂತಿ ಎಳೆದೆ, ನಡುವೆ ಕುಂಕುಮದ ಬೊಟ್ಟು. ಗೆದ್ದೆನೆಂದು ಎದೆ ಉಬ್ಬಿಸಿಕೊಂಡು ಕರಿಗಡಬು ಕರಿಯಲು ಕೂತೆ.

ಗುಡಿಯಿಂದ ಬಂದ ಅತ್ತೆ ಹಲಗೆಯ ಮುಂದೆ ಕೈ ಮುಗಿದು ನಿಂತರು. ಕಣ್ಣು ಚಾಕುವಿನ ಮೇಲೇ ನಿಂತಿತು.

'ಇದನ್ನ ತಿಕ್ಕಿದವರು ಯಾರ?'

'ನಾನ ರಿ.'

'ಎಣ್ಣಿ?'

ನಾನು ಒಲೆಯ ಕಡೆ ತಿರುಗಿದೆ. ಪೂಜೆಯಾಗಿತ್ತು, ಇನ್ನು ಮುಟ್ಟುವಂತಿರಲಿಲ್ಲ. ಅತ್ತೆಯೂ ಮುಟ್ಟಲಿಲ್ಲ. ಅವರ ಈಳಿಗೆ ಮಾತ್ರ ಎಣ್ಣೆ ಸವರಿಸಿಕೊಂಡು, ಮಣೆಯ ಮೇಲೆ ವಿಭೂತಿ ಎಳೆಸಿಕೊಂಡು ಮೂಲೆಯಲ್ಲಿ ಆರಾಮಾಗಿ ಕೂತಿತ್ತು.

ಮರುದಿನ ಸಂಜೆ ಊರಿನವರ ಜೊತೆ ಬನ್ನಿ ಕೊಟ್ಟು ತೆಗೆದುಕೊಂಡು, ಬಂಗಾರದಂಗ ಇರೋಣ ಎಂದು ಎಲ್ಲರಿಗೂ ಹೇಳಿ ಮನೆಗೆ ಬಂದು ಚಾಕು ಎತ್ತಿದೆ. ವಿಭೂತಿ ಒರೆಸಿದೆ. ಅದರ ಕೆಳಗೆ ಮೂರು ಕೆಂಪು ಪಟ್ಟೆಗಳು, ಬೆರಳಿನ ಅಗಲಕ್ಕೆ ಸರಿಯಾಗಿ. ಹಿಡಿಯ ಸಂದಿಯಲ್ಲಿ ಉಳಿದಿದ್ದ ಹುಣಸೆರಸ ಅಲಗಿಗೆ ಇಳಿದು ಬುಡವನ್ನೂ ಕೆಂಪು ಮಾಡಿತ್ತು. ಉಗುರು ಆಡಿಸಿ ನೋಡಿದೆ. ಪಟ್ಟೆಗಳು ಬಾಯಿಯನ್ನು ಮುಟ್ಟಿದ್ದ ಮೂರೂ ಕಡೆ ಉಗುರು ತಡೆಯಿತು. ಎಳ್ಳಿನ ಮೊನೆಯಷ್ಟು ಮೂರು ಮುಕ್ಕು. ಮೈದುನ ತನ್ನ ಸ್ಟೀಲಿನ ಚಾಕು ಎತ್ತಿ, ವಿಭೂತಿ ಒರೆಸಿದ. ಅದು ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯಿತು.

ಅವನು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. 'ಇರ್ಲಿ ತಗೋರಿ ವೈನಿ, ಇದರಾಗ ಕಟ್ರಿ. ನಿಮಗ ಅಂತನ ತಂದೇನಿ' ಎಂದು ಮೆಲ್ಲಗೆ ನನ್ನ ಮುಂದಿಟ್ಟ. ನನಗೆ ಅಳು ಬಂತು. ಅಪ್ಪ ಸತ್ತಾಗ ಬಂದ ಅಳು ಬೇರೆ, ಇದು ಬೇರೆ. ಇದರಲ್ಲಿ ಬೈಯಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬೆಳಿಗ್ಗೆ ಸ್ಟೀಲಿನ ಚಾಕು ಹಿಡಿದುಕೊಂಡೇ ತೋಟಕ್ಕೆ ಹೋದೆ. ಹಳೆಯದನ್ನು ಅಡುಗೆಮನೆಯ ಕಿಟಕಿಯಲ್ಲಿ ಬಿಟ್ಟಿದ್ದೆ. ಸ್ಟೀಲಿನ ಮೇಲೆ ನನಗೇನೂ ದ್ವೇಷವಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಮೊದಲ ಸಾಲು ಚೆನ್ನಾಗಿಯೇ ಕೊಯ್ದಿತು. ಕಡ್ಡಿಯ ಬುಡವನ್ನು ಎರಡೂ ಕಡೆ ಒಂದೊಂದೇ ಎಳೆತಕ್ಕೆ ಬೆಣೆಯಂತೆ ಕೊಯ್ಯಬೇಕು. ಎರಡನೆಯ ಎಳೆತ ಬಿತ್ತೆಂದರೆ ಮೈ ಏರುಪೇರಾಗುತ್ತದೆ. ಏರುಪೇರಾದರೆ ಗಿಡಕ್ಕೂ ಕಡ್ಡಿಗೂ ನಡುವೆ ಗಾಳಿ ಕೂರುತ್ತದೆ, ಗಾಳಿ ಕೂತ ಕಡ್ಡಿ ಒಣಗುತ್ತದೆ. ಎರಡನೆಯ ಸಾಲಿನ ನಡುವೆ ಬಂದಾಗ ಚಾಕು ಕಡ್ಡಿಯನ್ನು ಕೊಯ್ಯುವುದು ಬಿಟ್ಟು ಎಳೆಯತೊಡಗಿತು. ಮೈಯಲ್ಲಿ ನಾರು ಎದ್ದಿತು. ಜೊತೆಗೆ ತಂದಿದ್ದ ಅಪ್ಪನ ಮಸೆಗಲ್ಲಿನ ಮೇಲೆ ಮಸೆದೆ. ಜಾರಿತೇ ಹೊರತು ಬಾಯಿ ಕಚ್ಚಲಿಲ್ಲ. ಅಂಥ ಸ್ಟೀಲಿಗೆ ಬೇರೆ ಕಲ್ಲು ಬೇಕೋ, ಬೇರೆ ಕೈ ಬೇಕೋ, ನನಗೆ ಗೊತ್ತಿರಲಿಲ್ಲ. ಮತ್ತೆ ನಾಲ್ಕು ಗಿಡ, ಮತ್ತೆ ನಾರು. ಕೆಡಿಸಲು ನಮಗಿದ್ದ ಹೆಚ್ಚಿನ ಕಡ್ಡಿ ನಲವತ್ತೋ ಏನೋ; ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಹದಿಮೂರು ಕಡ್ಡಿ ನನ್ನ ಕಾಲ ಬಳಿ ಬಿದ್ದಿದ್ದವು. ಇನ್ನೂ ಹನ್ನೆರಡು ಸಾಲು ಬಾಕಿ.

ಮೈದುನ ಬಿದ್ದ ಕಡ್ಡಿಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. 'ನಿಲ್ಲಸೂಣೇನ್ರಿ?' ಎಂದ. ಆ ಮಾತು ನನಗೆ ಈಳಿಗೆಗಿಂತ ಹರಿತವಾಗಿ ತಾಗಿತು. ನಾನು ಬದುವಿನ ಮೇಲೆ ಹೋಗಿ ಕೂತೆ.

ಆಗ ಅತ್ತೆ ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತುಕೊಂಡು ಬರುವುದು ಕಂಡಿತು. ಊಟಕ್ಕೆ ಇನ್ನೂ ಹೊತ್ತಿತ್ತು. ಬುಟ್ಟಿ ಇಳಿಸಿದರು. ರೊಟ್ಟಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ನನ್ನ ಚಾಕು, ಪಕ್ಕದಲ್ಲಿ ಒಲೆಯ ಬೂದಿಯ ಪೊಟ್ಟಣ, ಎಣ್ಣೆಯ ಸಣ್ಣ ಸೀಸೆ.

'ಕಿಡಕ್ಯಾಗ ಒಗದ ಬಂದೀಯಲ್ಲ ಯವ್ವಾ' ಎಂದರು.

'ಅದು ಹೋತ್ ರಿ ಅತ್ತಿ. ತುಕ್ಕ ತಿಂದೈತಿ.'

'ತುಕ್ಕ ಮ್ಯಾಲೈತಿ. ಕಬ್ಬಣ ಒಳಗೈತಿ. ಕುಂತ ಮಸಿ.'

ಅತ್ತೆ ಬುಟ್ಟಿಯಲ್ಲಿದ್ದ ಉಳ್ಳಾಗಡ್ಡಿಯೊಂದನ್ನು ಗುದ್ದಿ ಒಡೆದು, ಅರ್ಧವನ್ನು ಬೂದಿಗೆ ಅದ್ದಿ ಕೆಂಪು ಪಟ್ಟೆಗಳ ಮೇಲೆ ಉಜ್ಜತೊಡಗಿದರು. ಕೆಂಪೆಲ್ಲ ಕೆಸರಿನಂತೆ ಕಳಚಿ ಬಂತು. ಕೆಳಗೆ ಸಣ್ಣ ಸಣ್ಣ ಬೂದು ಗುಳಿಗಳು ಉಳಿದವು. 'ಇವು ಹೊಟ್ಟಿ ಮ್ಯಾಲಿನ್ವು. ಇರ್ಲಿ ಬಿಡು. ಬಾಯಿ ಒಂದ ಸರಿ ಮಾಡು' ಎಂದು ನನ್ನ ಕಡೆ ಸರಿಸಿದರು.

ನಾನು ಕೂತು ಮಸೆದೆ. ಮುಕ್ಕು ಹೋಗಬೇಕಾದರೆ ಮುಕ್ಕನ್ನು ತುಂಬಲಾಗದು, ಉಳಿದ ಬಾಯಿಯನ್ನೆಲ್ಲ ಅದರ ಆಳಕ್ಕೆ ಇಳಿಸಬೇಕು. ಒರಟು ಕಲ್ಲಿನ ಮೇಲೆ ಬಲಕ್ಕೆ ಹತ್ತು, ಎಡಕ್ಕೆ ಹತ್ತು. ಅಪ್ಪ ಹೇಳಿಕೊಟ್ಟ ಓರೆ ನನ್ನ ಮಣಿಕಟ್ಟಿನಲ್ಲಿ ಇನ್ನೂ ಇತ್ತು. ಬಿಸಿಲು ಏರಿತು. ಕಳೆ ತೆಗೆಯಲು ಹೊರಟಿದ್ದ ಹೆಣ್ಣುಮಕ್ಕಳು ದಾರಿಯಲ್ಲಿ ನಿಂತು ನೋಡಿದರು. 'ಏನ್ ರೀ ಅಕ್ಕಾರ, ಯುದ್ಧಕ್ಕ ಹೊಂಟೀರೇನ?' ಎಂದಳು ಒಬ್ಬಳು. ಹೂಂ ಎಂದೆ. ಮೊದಲ ಮುಕ್ಕು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಬೆರಳ ತುದಿಯ ಚರ್ಮವೇ ಸವೆದು ಉರಿಯತೊಡಗಿತು, ಆದರೂ ಅದು ಹೋಯಿತು. ಆಮೇಲೆ ನುಣ್ಣನೆಯ ಕಲ್ಲು.

ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. 'ಬತ್ಲೆ ಐತಿ ಅದು. ಹಿಂಗ ತಗೊಂಡ ಹೋದ್ರ ಸಂಜಿಗಿ ಮತ್ತ ಕೆಂಪ ಹತ್ತತೈತಿ' ಎಂದು, ಮಧ್ಯಾಹ್ನದ ಊಟಕ್ಕೆ ತಂದಿದ್ದ ಉಳ್ಳಾಗಡ್ಡಿಯೆಲ್ಲ ಅದರಲ್ಲೇ ಕೊಯ್ಯಿಸಿದರು. ನಾವು ರೊಟ್ಟಿ ಮುಗಿಸುವ ತನಕ ಅಲಗನ್ನು ಬದುವಿನ ದಾಳಿಂಬೆಯ ಎಳೆಗಾಯೊಳಗೆ ಚುಚ್ಚಿ ಇಟ್ಟರು. ಹೊರಗೆ ತೆಗೆದಾಗ ಬಿಳಿ ಮೈ ಮಂಕಾಗಿ, ಅಲ್ಲಲ್ಲಿ ತಿಳಿ ನೀಲಿ ಏರಿತ್ತು. ಹಳೆಯ ಕಪ್ಪಲ್ಲ, ಆದರೆ ಕಪ್ಪಿನ ದಾರಿ ಹಿಡಿದಿತ್ತು. ಒಂದು ಬೆರಳು ಎಣ್ಣೆ. ಕಾಯಿಯ ಹುಳಿಗೆ ಬಾಯಿ ತುಸು ಮಂದವಾಗಿದ್ದರಿಂದ ಕೊನೆಗೆ ಒಮ್ಮೆ ತೊಗಲಿನ ಮೇಲೆ ಎಳೆಯಬೇಕಿತ್ತು. ನಮ್ಮ ಮನೆಯವರ ಕಾಲಲ್ಲಿ ತೊಗಲಿನ ಚಪ್ಪಲಿ ಇತ್ತು.

'ಬಿಡ್ರಿ ಒಂದನ್ನ' ಎಂದೆ.

'ನೆಲಾ ಕಾದೈತಿ' ಎಂದರು ಅವರು, ಆದರೂ ಬಿಟ್ಟರು. ಒಂಟಿ ಕಾಲಿನ ಮೇಲೆ ಕೊಕ್ಕರೆಯಂತೆ ನಿಂತ ಅವರನ್ನು ನೋಡಿ ಆ ದಿನ ಮೊದಲ ಸಲ ಮೈದುನ ನಕ್ಕ.

ಬಿದ್ದಿದ್ದ ಕೆಟ್ಟ ಕಡ್ಡಿಯೊಂದನ್ನು ಎತ್ತಿ ಚಾಕು ಎಳೆದೆ. ಒಂದೇ ಎಳೆತ. ಸದ್ದೂ ಆಗಲಿಲ್ಲ. ಕೊಯ್ದ ಮೈ ಬೆಣ್ಣೆ ಸವರಿದಂತೆ ನುಣ್ಣಗಿತ್ತು. ಅದನ್ನು ಮೈದುನನ ಕೈಗೆ ಕೊಟ್ಟೆ. ಅವನು ಹೆಬ್ಬೆರಳಿನಿಂದ ಸವರಿ ನೋಡಿದ, ಆಮೇಲೆ ಸ್ಟೀಲಿನಲ್ಲಿ ಕೊಯ್ದ ಕಡ್ಡಿಯೊಂದನ್ನು ಎತ್ತಿ ಅದನ್ನೂ ಸವರಿದ. ಕಡ್ಡಿಯ ಗೋಣಿಯನ್ನು ಹೊತ್ತು ಮೂರನೆಯ ಸಾಲಿನ ತಲೆಗೆ ತಂದಿಟ್ಟ.

ಅಲ್ಲಿಂದ ಮುಂದೆ ನನಗೆ ಗಿಡ ಬಿಟ್ಟು ಬೇರೇನೂ ಕಾಣಲಿಲ್ಲ. ಕತ್ತರಿಸು, ಸೀಳು, ಕಡ್ಡಿ ಹೆರೆ, ತೊಗಟೆಗೆ ತೊಗಟೆ ಕೂಡಿಸಿ ಸಿಕ್ಕಿಸು. ಹಿಂದೆ ನಮ್ಮ ಮನೆಯವರು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುತ್ತ ಬಂದರು. ಪ್ರತಿ ನಾಲ್ಕು ಗಿಡಕ್ಕೊಮ್ಮೆ ಸ್ಪಿರಿಟ್ ಬಟ್ಟೆಯಿಂದ ಅಲಗು ಒರೆಸುತ್ತಿದ್ದೆ, ಸಾಲಿಗೊಮ್ಮೆ ಚಪ್ಪಲಿಯ ಮೇಲೆ ಎಳೆಯುತ್ತಿದ್ದೆ. ಒಮ್ಮೆ ಮೈದುನ ಗಾಬರಿಯಾಗಿ ಓಡಿ ಬಂದ. 'ವೈನಿ, ಕೊಯ್ದಲ್ಲಿ ಕರಿ ಆಗೇತ್ರಿ!' ನೋಡಿದೆ. ಒರೆಸುವುದನ್ನು ಮರೆತಿದ್ದ ಗಿಡದಲ್ಲಿ ರಸ ಉಕ್ಕಿಗೆ ತಾಗಿ ನೀಲಿ ಗೆರೆ ಬಿದ್ದಿತ್ತು. 'ಅದು ಬಣ್ಣ ಅಷ್ಟ. ಗಿಡಕ್ಕೇನೂ ಆಗಂಗಿಲ್ಲ' ಎಂದೆ. ಅವನು ಪೂರ್ತಿ ನಂಬಲಿಲ್ಲ. ಆ ಗಿಡದ ಬುಡಕ್ಕೆ ಗುರುತಿಗೆಂದು ಒಂದು ಕಲ್ಲಿಟ್ಟ.

ಅಂದು ಸಂಜೆಗೆ ಆರು ಸಾಲಾಯಿತು. ಮರುದಿನ ಹೊತ್ತು ಮುಳುಗುವ ಮೊದಲು ಹದಿನಾಲ್ಕನೆಯ ಸಾಲಿನ ಕೊನೆಯ ಗಿಡ ಕಟ್ಟಿದೆವು. ಬೆನ್ನು ನೆಟ್ಟಗಾಗಲಿಲ್ಲ. ಅಲಗನ್ನು ತೊಳೆದು ನೋಡಿದರೆ ಎರಡು ದಿನದ ದ್ರಾಕ್ಷಿ ರಸ ಕುಡಿದು ಅದು ಮತ್ತೆ ಕರ್ರಗಾಗಿತ್ತು. ಗುಳಿಗಳೂ ಆ ಕಪ್ಪಿನಲ್ಲಿ ಮುಚ್ಚಿಕೊಂಡಿದ್ದವು. ಗೋಣಿಯಲ್ಲಿ ಇನ್ನೂ ಇಪ್ಪತ್ತರ ಮೇಲೆ ಕಡ್ಡಿ ಉಳಿದಿದ್ದವು.

ಆಮೇಲೆ ಕಾಯುವುದು. ನಾನು ತೋಟದ ಕಡೆ ಹೋಗಲೇ ಇಲ್ಲ. ಹೆದರಿಕೆ ಎಂದು ಯಾರೂ ಅನ್ನದಿರಲಿ ಎಂದು ಕೆಲಸದ ನೆವ ಹೇಳುತ್ತಿದ್ದೆ, ಆದರೆ ಅದು ಹೆದರಿಕೆಯೇ. ಮೈದುನ ದಿನಕ್ಕೆ ಎರಡು ಸಲ ಹೋಗಿ ಬರುತ್ತಿದ್ದ. ಅವನ ಮುಖ ನೋಡಿ ತಿಳಿದುಕೊಳ್ಳೋಣವೆಂದರೆ ಅವನು ಮುಖ ತಗ್ಗಿಸಿಕೊಂಡು ಸೀದಾ ತನ್ನ ಮನೆಗೆ ಹೋಗುತ್ತಿದ್ದ. ಹತ್ತು ದಿನ, ಹನ್ನೆರಡು ದಿನ. ರೊಟ್ಟಿ ಬಡಿಯುವಾಗ ಕೈ ತಪ್ಪುತ್ತಿತ್ತು.

ದೀಪಾವಳಿಗೆ ಎರಡು ದಿನವಿದೆ ಎನ್ನುವಾಗ, ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದೆ. ಮೈದುನ ಓಡಿಕೊಂಡೇ ಬಂದ. ಉಸಿರು ಹತ್ತಿತ್ತು.

'ಬರ್ರಿ ವೈನಿ. ಬರ್ರಿ ಅಂದ್ರ ಬರ್ರಿ.'

ಸೆಗಣಿ ಕೈಯಲ್ಲೇ ಹೋದೆ. ಅತ್ತೆಯೂ ಕೋಲು ಊರಿಕೊಂಡು ಹಿಂದೆಯೇ ಬಂದರು. ಪಟ್ಟಿ ಕಟ್ಟಿದ ಕಡ್ಡಿಗಳ ತುದಿಯಲ್ಲಿ ಕಣ್ಣೊಡೆದು, ಗುಲಾಬಿ ಅಂಚಿನ ಎಳೆ ಎಲೆಗಳು ಎದ್ದಿದ್ದವು. ಒಂದರಲ್ಲಲ್ಲ, ಎರಡರಲ್ಲಲ್ಲ, ಸಾಲಿಗೆ ಸಾಲೇ. ಅವನು ಎಣಿಸಿಟ್ಟಿದ್ದ. ನಾನೂರಾ ನಲವತ್ತೆಂಟರಲ್ಲಿ ಇಪ್ಪತ್ತೊಂದು ಹೋಗಿದ್ದವು. ಆ ಇಪ್ಪತ್ತೊಂದರಲ್ಲಿ ಹದಿನಾರು ಎರಡನೆಯ ಸಾಲಿನವೇ. ಮೊದಲ ಸಾಲು ಸ್ಟೀಲಿನಲ್ಲಿ ಕಟ್ಟಿದ್ದು, ಅದು ಒಂದೂ ತಪ್ಪದೆ ಬಂದಿತ್ತು. ಇದನ್ನು ಮುಚ್ಚಿಟ್ಟರೆ ನನ್ನ ಗೆಲುವಿಗೆ ಮರ್ಯಾದೆ ಇರುವುದಿಲ್ಲ. ಉಳಿದ ಹನ್ನೆರಡು ಸಾಲಿನಲ್ಲಿ ಹೋದದ್ದು ಐದೇ ಐದು. ಕಲ್ಲಿಟ್ಟ ಗಿಡ ಎಲ್ಲಕ್ಕಿಂತ ಜೋರಾಗಿ ಚಿಗುರಿತ್ತು.

ಬದುವಿನ ಮೇಲೆ ನಿಂತು ನಾನು ಜೋರಾಗಿ ನಕ್ಕೆ. ಪಕ್ಕದ ಹೊಲದವರು ಏನಾಯಿತೆಂದು ತಿರುಗಿ ನೋಡುವಷ್ಟು ಜೋರಾಗಿ. ನನಗೆ ಐವತ್ತು ದಾಟಿದೆ, ಮೊಮ್ಮಗಳಿದ್ದಾಳೆ. ಅಷ್ಟೊಂದು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲವೆಂದು ನಮ್ಮ ಮನೆಯವರಿಗೆ ಅಲ್ಲೇ ಹೇಳಿದೆ. ಅವರು, 'ನನಗ ಗೊತ್ತೈತಿ ಬಿಡ' ಎಂದರು. ಅತ್ತೆ ಒಂದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಳೆ ಎಲೆಯನ್ನು ಮುಟ್ಟಿ ನೋಡಿದರು. ಮೈದುನ ಮಾತ್ರ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದ, ಇನ್ನೊಮ್ಮೆ ಎಣಿಸುವವನಂತೆ. ಹೋದ ಇಪ್ಪತ್ತೊಂದಕ್ಕೆ ಅನಗವಾಡಿಯವರ ಕೈಕಾಲು ಹಿಡಿದು ಎಲ್ಲಿಂದಲೋ ಕಡ್ಡಿ ತಂದ, ಚಳಿ ಬೀಳುವ ಮೊದಲು ಅವನ್ನೂ ಕಟ್ಟಿಬಿಟ್ಟೆ.

ಆ ವರ್ಷದಿಂದ ಈಚೆಗೆ ನಾನು ಮುಧೋಳ ತಾಲೂಕಿನ ಎರಡು ತೋಟ, ರಬಕವಿ ಕಡೆಯ ಒಂದು ತೋಟ ಕಟ್ಟಿದ್ದೇನೆ. ಬಸ್ಸಿಳಿದ ಕೂಡಲೇ ತೋಟದವರು ನನ್ನ ಹಿಂದೆ ಗಂಡಸರು ಯಾರಾದರೂ ಇಳಿಯುತ್ತಾರೋ ಎಂದು ನೋಡುತ್ತಾರೆ. ಆಮೇಲೆ ಚೀಲದಿಂದ ಹೊರಬಂದ ಚಾಕುವನ್ನು ನೋಡುತ್ತಾರೆ. ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ, ಒಂದು ಕಡ್ಡಿ ಕೊಯ್ದು ಅವರ ಕೈಗೆ ಕೊಡುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಆದರೆ ಆ ಯಾವ ತೋಟವೂ ನನಗೆ ಈ ವರ್ಷದ ಒಂದು ಬೆಳಗಿನಷ್ಟು ದೊಡ್ಡದಲ್ಲ. ಮೈದುನ ಇನ್ನೊಂದು ಅರ್ಧ ಎಕರೆಗೆ ಗಿಡ ನೆಟ್ಟಿದ್ದ, ಅವು ಕಸಿಯ ದಪ್ಪಕ್ಕೆ ಬಂದಿದ್ದವು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಬಂದವನು ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು, ಯಾವ ಪೀಠಿಕೆಯೂ ಇಲ್ಲದೆ ಕೇಳಿದ:

'ವೈನಿ, ಕಡ್ಡಿ ಯಾವತ್ತ ತರ್ಲಿ?'